ಗುಳ್ಳೆಯ ಹೊರಗೆ

ಶನಿವಾರ ಸಂಜೆಯಾಯಿತೆಂದರೆ ಆ ಮನೆಯಲ್ಲಿ ಸೋಫಾವನ್ನು ಗೋಡೆಗೆ ತಳ್ಳಬೇಕು, ಊಟದ ಮೇಜನ್ನು ಅಡುಗೆಮನೆಯ ಬಾಗಿಲಿಗೆ ಎಳೆಯಬೇಕು, ಅಜ್ಜಿಯ ಕುರ್ಚಿಯನ್ನು ಅಜ್ಜಿಯ ಸಮೇತ ಕಿಟಕಿಯ ಕಡೆಗೆ ತಿರುಗಿಸಬೇಕು. ಇಷ್ಟಾದ ಮೇಲೆ ಮುಂದಿನ ಕೋಣೆಯ ನಡುವೆ ಒಂದು ಚಾಪೆಯಷ್ಟು ಜಾಗ ಬಿಡುವಾಗುತ್ತಿತ್ತು. ಆ ಜಾಗದಲ್ಲಿ ಮಗಳು ಬರಿಗಾಲಲ್ಲಿ ನಿಂತು, ತಲೆಗೆ ಪಟ್ಟಿ ಬಿಗಿದು, ಕಣ್ಣಿಗೆ ಕಪ್ಪು ಹೆಡ್‌ಸೆಟ್ ಹಾಕಿಕೊಂಡು, ಎರಡು ಕೈಗೂ ಎರಡು ಹಿಡಿಕೆ ಹಿಡಿದು ಕಾನ್ಸರ್ಟಿಗೆ ಹೋಗುತ್ತಿದ್ದಳು.

"ಹೋಗ್ತೀನಿ ಅಂತಾಳೆ, ಇಲ್ಲೇ ನಿಂತಿರ್ತಾಳೆ," ಎಂದು ಅಜ್ಜಿ ಕಿಟಕಿಗೆ ಹೇಳುತ್ತಿದ್ದಳು. "ನಮ್ಮ ಕಾಲದಲ್ಲಿ ಗಾಡಿ ಕುದುರೆಗೆ ಇಂಥ ಕಣ್ಣುಪಟ್ಟಿ ಕಟ್ತಿದ್ರು. ಅದಾದ್ರೂ ನಾಲ್ಕು ಹೆಜ್ಜೆ ಮುಂದೆ ಹೋಗ್ತಿತ್ತು."

ಮಗಳ ಕಿವಿ ಆಗಲೇ ಮುಚ್ಚಿರುತ್ತಿತ್ತು. ಅವಳು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸದವಳು. ವಾರವೆಲ್ಲ ಬಗ್ಗಿ ಬಗ್ಗಿ ಕತ್ತು ಮರಗಟ್ಟಿ ಮನೆಗೆ ಬರುವ ಹುಡುಗಿ, ಶನಿವಾರ ಮಾತ್ರ ತಲೆಯೆತ್ತಿ ನಿಲ್ಲುತ್ತಿದ್ದಳು. ಕೈ ಮೇಲೆತ್ತುತ್ತಿದ್ದಳು, ಕುಣಿಯುತ್ತಿದ್ದಳು, ಪಕ್ಕದಲ್ಲಿ ಯಾರೋ ಇದ್ದಂತೆ ತಿರುಗಿ ನಗುತ್ತಿದ್ದಳು. ಬಾಗಿಲ ಬಳಿ ನಿಂತು ನೋಡುವವರಿಗೆ ಹುಚ್ಚು ಅನ್ನಿಸಬೇಕು. ಅವಳ ತಾಯಿಗೆ ಹಾಗೆ ಅನ್ನಿಸುತ್ತಿರಲಿಲ್ಲ. ಮಗಳು ಇಷ್ಟು ಬಾಯಿ ಬಿಟ್ಟು ನಕ್ಕಿದ್ದನ್ನು ಅವಳು ಬೇರೆಲ್ಲೂ ಕಂಡಿರಲಿಲ್ಲ.

ತಾಯಿ ದೊಡ್ಡಾಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆಗೆ ಇಸ್ತ್ರಿ ಹಾಕುವವಳು. ಅಲ್ಲಿಯವರು ಇಟ್ಟ ಹೆಸರು ಇಸ್ತ್ರಿಯಕ್ಕ. ಅವಳ ಗಂಡ ಸಿಟಿ ಬಸ್ಸಿನ ಡ್ರೈವರ್. ಮಗ ಫ್ರಿಜ್ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕಿದ್ದ. ಶನಿವಾರ ಸಂಜೆ ಅವನು ಮನೆಯಲ್ಲಿರುತ್ತಿರಲಿಲ್ಲ, ಅಂಗಡಿ ಮಾಲೀಕನ ಅಕ್ಕನ ಮಗನ ರೂಮಿನಲ್ಲಿ ಹುಡುಗರೆಲ್ಲ ಸೇರುತ್ತಿದ್ದರು.

"ಆ ಕಾನ್ಸರ್ಟಲ್ಲಿ ಏನಿರತ್ತೆ ಪಾಪು?" ಎಂದು ಇಸ್ತ್ರಿಯಕ್ಕ ಒಮ್ಮೆ ಪಾತ್ರೆ ತೊಳೆಯುತ್ತಾ ಕೇಳಿದ್ದಳು. "ಹಾಡು ಕೇಳೋದಕ್ಕೆ ಫೋನ್ ಇದೆಯಲ್ಲ."

"ಹಾಡಿಗಲ್ಲಮ್ಮ. ಜನಕ್ಕೆ." ಮಗಳು ಪಾತ್ರೆ ಒರೆಸುವುದನ್ನು ನಿಲ್ಲಿಸಿ ಹೇಳಿದಳು. "ಹೆಡ್‌ಸೆಟ್ ಹಾಕ್ಕೊಂಡ್ರೆ ಕಣ್ಮುಂದೆ ದೊಡ್ಡ ಹಾಲ್ ಇರತ್ತೆ. ಎಲ್ಲೆಲ್ಲಿಂದಲೋ ಬಂದಿರ್ತಾರೆ, ಒಬ್ಬೊಬ್ಬರದು ಒಂದೊಂದು ವೇಷ. ನನ್ನದು ಹಳದಿ ಕೋಟು, ಗಿಡ್ಡ ಕೂದಲು. ಮುಂದೆ ವೇದಿಕೆಯಲ್ಲಿ ಒಬ್ಬ ಗಾಯಕಿ ಡ್ರಮ್ ಬಾರಿಸ್ಕೊಂಡು ಹಾಡ್ತಾಳೆ. ಅವಳು ನಿಲ್ಲಿಸಿದ ತಕ್ಷಣ ನಾವು ಶುರು ಮಾಡಬೇಕು. ಗುರುತು ಪರಿಚಯ ಇಲ್ದೋರೆಲ್ಲ ಒಂದೇ ಸಾಲನ್ನ ಒಟ್ಟಿಗೆ ಕಿರುಚ್ತೀವಿ. ನನ್ನ ಪಕ್ಕದಲ್ಲಿ ಒಬ್ಬರು ಬಕೆಟ್ ಆಗಿ ಬರ್ತಾರಮ್ಮ. ಬರೀ ಬಕೆಟ್! ಎಷ್ಟು ಚೆನ್ನಾಗಿ ಹಾಡ್ತಾರೆ ಗೊತ್ತಾ?"

ಇಸ್ತ್ರಿಯಕ್ಕ ನಕ್ಕು, ಕೈಯಲ್ಲಿದ್ದ ಬಕೆಟ್ಟನ್ನು ಹೊಸದಾಗಿ ನೋಡಿದಳು.

*

ಆ ಶನಿವಾರ ಅವಳು ಅಡುಗೆಮನೆಯಲ್ಲಿ ಬೀನ್ಸ್ ಹೆಚ್ಚುತ್ತಿದ್ದಾಗ ಮುಂದಿನ ಕೋಣೆಯಿಂದ "ದೂರ ಹೋಗು" ಎಂಬ ಮಾತು ಕೇಳಿಸಿತು. ಅಜ್ಜಿಗೆ ಹೇಳುತ್ತಿದ್ದಾಳೆ ಅಂದುಕೊಂಡಳು. ಇನ್ನೊಮ್ಮೆ ಕೇಳಿಸಿತು, ಈ ಸಲ ದನಿ ಸೀಳಿತ್ತು. ಚಾಕು ಹಿಡಿದೇ ಬಂದು ನೋಡಿದರೆ ಮಗಳು ಎರಡೂ ಕೈಯನ್ನು ಎದೆಗೆ ಅಡ್ಡ ಹಿಡಿದು ಹಿಂದೆ ಹಿಂದೆ ಸರಿಯುತ್ತಿದ್ದಳು. ಬೆನ್ನು ಮೇಜಿಗೆ ತಾಗಿತು. ಹೆಡ್‌ಸೆಟ್ ಕಿತ್ತು ಸೋಫಾದ ಮೇಲೆ ಎಸೆದು ಬಚ್ಚಲಿಗೆ ಹೋದಳು. ನಲ್ಲಿ ನೀರು ಬಹಳ ಹೊತ್ತು ಸುರಿಯುತ್ತಲೇ ಇತ್ತು.

ಊಟಕ್ಕೆ ಕೂತಾಗ ತಟ್ಟೆಯ ಅನ್ನವನ್ನು ಅತ್ತಿಂದಿತ್ತ ತಳ್ಳುತ್ತಿದ್ದಳು.

"ಏನಾಯ್ತೇ?" ಎಂದ ಡ್ರೈವರ್.

"ಒಬ್ಬ ಹಿಂದೆ ಬಿದ್ದಿದ್ದ."

ಅವನ ಕೈ ಬಾಯಿಯ ಹತ್ತಿರ ನಿಂತಿತು. "ಎಲ್ಲಿ? ಅಂಗಡಿ ಹತ್ರನಾ? ಯಾವನವನು?"

"ಅಲ್ಲಿ ಅಲ್ಲ. ಒಳಗೆ."

"ಯಾವ ಒಳಗೆ?"

ಮಗಳು ಸೋಫಾದ ಕಡೆ ಕಣ್ಣು ತೋರಿಸಿದಳು. ಅಪ್ಪ ಸೋಫಾ ನೋಡಿದ, ಹೆಡ್‌ಸೆಟ್ ನೋಡಿದ, ಆಮೇಲೆ ತುತ್ತನ್ನು ಬಾಯಿಗಿಟ್ಟುಕೊಂಡ. "ಅದರೊಳಗಾ," ಎಂದ.

"ನರಿ ಮುಖದ ವೇಷ. ಮೈಮೇಲೆಲ್ಲ ಕೈ ಹಾಕಿದ. ನಾನು ಎಲ್ಲಿ ಸರಿದ್ರೆ ಅಲ್ಲಿಗೆ ಬಂದ. ಮುಖಕ್ಕೆ ಮುಖ ತಂದು ಏನೇನೋ ಅಂದ. ಸುತ್ತ ಅವನ ಜೊತೆಯವರು ನಗ್ತಿದ್ರು. ನಾನು ನಿಂತ ಜಾಗ ಅದು. ಪ್ರತಿ ವಾರ ಅಲ್ಲೇ ನಿಲ್ತೀನಿ ನಾನು."

ಅಷ್ಟರಲ್ಲಿ ಬಂದು ಕೈ ತೊಳೆಯುತ್ತಿದ್ದ ಅಣ್ಣ ಬೆನ್ನು ತಿರುಗಿಸಿಕೊಂಡೇ ಹೇಳಿದ: "ಕಾರ್ಟೂನ್ ಕಣೇ ಅದು. ಅದಕ್ಕೆ ಕೈ ಎಲ್ಲಿದೆ?"

"ನನಗೆ ಮೈ ಇದೆಯಲ್ಲ."

"ನಿನ್ನ ಮೈ ಇಲ್ಲಿತ್ತು, ಸೋಫಾ ಪಕ್ಕದಲ್ಲಿ."

"ತೆಗೆದುಬಿಟ್ಟರೆ ಮುಗೀತಲ್ಲ," ಎಂದ ಡ್ರೈವರ್. "ಬಸ್ಸಲ್ಲಾದ್ರೆ ಇಳಿಯೋಕೆ ಸ್ಟಾಪ್ ಬರಬೇಕು. ಇದಕ್ಕೆ ಅದೂ ಬೇಡ. ತೆಗೆ, ಇಡು, ಮುಗೀತು. ನಿಂಗೇನೂ ಆಗಿಲ್ಲ, ಊಟ ಮಾಡು."

ಮಗಳು ತಾಯಿಯ ಮುಖ ನೋಡಿದಳು. ಇಸ್ತ್ರಿಯಕ್ಕ ಅವಳ ತಟ್ಟೆಗೆ ಒಂದು ಮೊಟ್ಟೆ ಹಾಕಿ, "ಬಿಡು ಪಾಪು, ಮನಸ್ಸಿಗೆ ಹಚ್ಕೋಬೇಡ," ಎಂದಳು. ಮಗಳು ಮೊಟ್ಟೆಯನ್ನು ಹಾಗೇ ಬಿಟ್ಟು ಎದ್ದು ಹೋದಳು.

*

ಕಾನ್ಸರ್ಟ್ ನಡೆಸುವ ಕಂಪನಿಗೆ ಅವಳು ದೂರು ಕೊಟ್ಟಳು. ವಾರದ ನಡುವೆ ಉತ್ತರ ಬಂತು. ತಮಗಾದ ತೊಂದರೆಗೆ ವಿಷಾದವಿದೆ, ಎಡಗೈ ಹಿಡಿಕೆಯ ಗುಂಡಿಯೊತ್ತಿದರೆ ತಮ್ಮ ಸುತ್ತ ಒಂದು ಗುಳ್ಳೆ ಏಳುತ್ತದೆ, ಅದರೊಳಗೆ ಯಾರೂ ಬರುವಂತಿಲ್ಲ, ನಿರಾಳವಾಗಿ ಕಾರ್ಯಕ್ರಮ ಸವಿಯಿರಿ, ಎಂದು.

"ನೋಡಿದ್ಯಾ, ಎಷ್ಟು ಸುಲಭ," ಎಂದ ಡ್ರೈವರ್.

ಮುಂದಿನ ಶನಿವಾರ ಸೋಫಾ ಸರಿಯಿತು, ಮೇಜು ಸರಿಯಿತು, ಅಜ್ಜಿ ತಿರುಗಿದಳು. ಮಗಳು ಗುಂಡಿಯೊತ್ತಿಕೊಂಡು ನಿಂತಳು. ಕೈ ಮೇಲೆತ್ತಲಿಲ್ಲ, ಪಕ್ಕಕ್ಕೆ ತಿರುಗಲಿಲ್ಲ. ಎರಡು ಹಾಡು ಮುಗಿಯುವಷ್ಟರಲ್ಲಿ ಹೆಡ್‌ಸೆಟ್ ತೆಗೆದು ಸೋಫಾದ ಮೇಲೆ ಕೂತಳು.

"ಬಂದ್ನಾ ಅವನು?" ಇಸ್ತ್ರಿಯಕ್ಕ ಕೇಳಿದಳು.

"ಬಂದ. ಗುಳ್ಳೆಯ ಹೊರಗೆ ನಿಂತು ಕೈ ಬೀಸಿದ."

"ಒಳಗೆ ಬರಲಿಲ್ವಲ್ಲ, ಸದ್ಯ."

"ಯಾರೂ ಬರಲಿಲ್ಲ ಕಣಮ್ಮ. ಗುಳ್ಳೆಯೊಳಗೆ ಹೊರಗಿನೋರ ದನಿ ಕೇಳಿಸಲ್ಲ, ನನ್ನ ದನಿ ಹೊರಗೆ ಹೋಗಲ್ಲ. ಎಲ್ಲರೂ ಬಾಯಿ ಅಲ್ಲಾಡಿಸ್ತಿದ್ರು. ಪಾಪ, ಬಕೆಟ್ ನನ್ನನ್ನೇ ನೋಡ್ಕೊಂಡು ನಿಂತಿತ್ತು." ಮಗಳು ಹಿಡಿಕೆಗಳನ್ನು ಸೋಫಾದ ಮೇಲೆ ಹಾಕಿದಳು. "ಕೆಟ್ಟದ್ದು ಮಾಡಿದ್ದು ಅವನು. ಗಾಜಿನ ಡಬ್ಬಿಯಲ್ಲಿ ಕೂರಬೇಕಾದ್ದು ನಾನು. ಇದ್ಯಾವ ನ್ಯಾಯ?"

"ಮಾರಿಬಿಡು ಅದನ್ನ," ಎಂದ ಅಪ್ಪ ಪೇಪರಿನ ಹಿಂದಿನಿಂದ. "ಮನೆಯೊಳಗೇ ಮರ್ಯಾದೆ ಹೋಗೋ ಥರ ಆಯ್ತು."

"ನನ್ನ ದುಡಿಮೆಯಲ್ಲಿ ತಗೊಂಡಿದ್ದು. ನಾನು ಮಾರಲ್ಲ."

"ಹಾಗಾದ್ರೆ ಅಟ್ಟಕ್ಕೆ ಹಾಕು."

ಅಟ್ಟಕ್ಕೆ ಹೋಗಲಿಲ್ಲ, ಅಲಮಾರಿಯ ಮೇಲೆ ಕೂತಿತು. ಮಗಳು ಬೇಗ ಊಟ ಮಾಡಿ ಬೇಗ ಮಲಗತೊಡಗಿದಳು. ಮಾತಾಡಿಸಿದರೆ "ಹೂಂ" ಅನ್ನುತ್ತಿದ್ದಳು. ಮನೆಯಲ್ಲಿ ಜಗಳವಿರಲಿಲ್ಲ. ಇಸ್ತ್ರಿಯಕ್ಕನಿಗೆ ಆ ನೆಮ್ಮದಿ ಉಣ್ಣೆ ಬಟ್ಟೆಯ ಹಾಗೆ ಮೈಗೆಲ್ಲ ಚುಚ್ಚುತ್ತಿತ್ತು.

ಲಾಂಡ್ರಿಯಲ್ಲಿ ಚಾದರ ಮಡಚಲು ಅವಳ ಜೊತೆಗಿದ್ದವಳು ಆಳೆತ್ತರದ ಹೆಂಗಸು, ಎಲ್ಲರೂ ಉದ್ದಕ್ಕ ಅನ್ನುತ್ತಿದ್ದರು. ಚಾದರದ ಎರಡು ತುದಿ ಇವಳು, ಎರಡು ತುದಿ ಅವಳು. ಎಳೆದು ದೂರವಾಗುವುದು, ಮಡಚುತ್ತಾ ಹತ್ತಿರ ಬರುವುದು. ಹತ್ತಿರ ಬಂದಾಗಲೆಲ್ಲ ಒಂದೊಂದು ಮಾತು.

"ಗಂಡಸರು ಏನಂದ್ರು?"

"ತೆಗೆದಿಟ್ಟರಾಯ್ತು ಅಂದ್ರು."

ದೂರ ಹೋಗಿ ಮತ್ತೆ ಬಂದರು.

"ನೀನೇನಂದೆ?"

"ಮೊಟ್ಟೆ ತಿನ್ನು ಅಂದೆ."

ಉದ್ದಕ್ಕ ನಗಲಿಲ್ಲ. "ಒಳಗೆ ಹೋಗಿ ನೋಡಿದ್ಯಾ ನೀನು? ನಮ್ಮ ಸೊಸೇದೂ ಒಂದಿದೆ ಅಂಥದ್ದು. ನಾನು ಹಾಕ್ಕೊಂಡು ಸಮುದ್ರ ನೋಡಿದೆ, ಸೀರೆ ಎತ್ತಿ ಹಿಡ್ಕೊಂಡೆ. ನೀರೇ ಇಲ್ಲ, ಆದ್ರೂ ಎತ್ತಿದೆ. ನೋಡದೆ ಮಾತಾಡಬಾರದು ಕಣೇ."

*

ಶನಿವಾರ ಡ್ರೈವರನಿಗೆ ಸಂಜೆ ಪಾಳಿ ಇತ್ತು. ಇಸ್ತ್ರಿಯಕ್ಕ ತಾನೇ ಸೋಫಾ ತಳ್ಳಿದಳು. ಮಗಳು ಬಾಗಿಲಲ್ಲಿ ನಿಂತು, "ನಾನು ಹೋಗಲ್ಲ," ಎಂದಳು.

"ನೀನಲ್ಲ. ನಾನು ಹೋಗ್ತೀನಿ. ಹಾಕು ಇದನ್ನ."

"ನೀನಾ?" ಎಂದು ಅಜ್ಜಿ ಕುರ್ಚಿಯನ್ನು ತಾನೇ ಕಿಟಕಿಯ ಕಡೆಯಿಂದ ಈ ಕಡೆಗೆ ತಿರುಗಿಸಿಕೊಂಡಳು. ಇದನ್ನು ನೋಡದಿದ್ದರೆ ಹೇಗೆ?

ಮಗಳು ಪಟ್ಟಿ ಬಿಗಿದಳು. ಒಂದು ಕ್ಷಣ ಕತ್ತಲೆ. ಆಮೇಲೆ ಇಸ್ತ್ರಿಯಕ್ಕನ ಬಾಯಿಂದ "ಅಯ್ಯಮ್ಮ!" ಎಂದು ಬಂತು. ಮೇಲೆ ನೋಡಿದರೆ ಚಾವಣಿಯೇ ಇಲ್ಲ, ನೀಲಿ ಬೆಳಕು. ಸುತ್ತ ಜನವೋ ಜನ: ಗಡಿಯಾರ ತಲೆಯವನು, ರೆಕ್ಕೆಯವಳು, ಒಂದು ಉದ್ದನೆಯ ಒಂಟೆ. ಮುಂದೆ ವೇದಿಕೆಯಲ್ಲಿ ಗಾಯಕಿ ಡ್ರಮ್ ಬಾರಿಸಿದರೆ ಎದೆಗೂಡಿನೊಳಗೇ ಬಾರಿಸಿದಂತೆ. ಕೈ ನೋಡಿಕೊಂಡಳು, ಹಳದಿ ತೋಳು, ಬಳೆಯಿಲ್ಲದ ತೆಳ್ಳನೆಯ ಕೈ. ಪಕ್ಕದಲ್ಲಿ ಒಂದು ಬಕೆಟ್ ಕುಪ್ಪಳಿಸುತ್ತಾ ಬಂದು, "ಬಂದ್ರಾ? ಕಾಯ್ತಾ ಇದ್ದೆ!" ಎಂದಿತು. ವಯಸ್ಸಾದ ಗಂಡಸಿನ ದನಿ. ಇಸ್ತ್ರಿಯಕ್ಕನಿಗೆ ನಾಚಿಕೆಯೂ ಖುಷಿಯೂ ಒಟ್ಟಿಗೇ ಆಯಿತು.

ಎರಡನೇ ಹಾಡಿಗೆ ನರಿ ಬಂತು.

ಮೊದಲು ಹಿಂದೆ ನಿಂತಿತು. ತಿರುಗಿದರೆ ಮುಖದೆದುರಿಗೇ ಇತ್ತು. ಅದರ ಕೈ ಹಳದಿ ಕೋಟಿನ ಮೇಲೆ ಓಡಾಡಿತು. ಯಾವುದೂ ತಾಗಲಿಲ್ಲ. ತಾಗುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಆದರೂ ಕೈ ತಾನಾಗಿ ಎದೆಗೆ ಅಡ್ಡ ಬಂತು, ಅವತ್ತು ಮಗಳು ಹಿಡಿದಿದ್ದ ಹಾಗೇ. "ಎಲ್ಲಿಗೆ ಓಡ್ತೀಯಾ ಹಳದಿ?" ಎಂದಿತು ನರಿ, ಆಮೇಲೆ ಬಾಯಿಗೆ ಬಂದದ್ದು ಅಂದಿತು. ಸುತ್ತ ನಾಲ್ಕೈದು ವೇಷಗಳು ನಕ್ಕವು. ಒಂದು ಕರಡಿ, ಒಂದು ತಗಡಿನ ಮನುಷ್ಯ, ಇನ್ನೇನೋ.

ತಗಡಿನ ಮನುಷ್ಯ ನಕ್ಕು ಕೊನೆಯಲ್ಲಿ ಬಿಕ್ಕಳಿಸಿದಂತೆ ಉಸಿರೆಳೆದುಕೊಂಡ.

ಮಗ ಹಾಲು ಕುಡಿಯುವ ಕೂಸಾಗಿದ್ದಾಗಿನಿಂದ ಅವಳು ಕೇಳಿದ ನಗು ಅದು. ನಗಿಸಿದರೆ ಉಸಿರುಗಟ್ಟುತ್ತದೆಂದು ಅತ್ತೆ ಬೈಯುತ್ತಿದ್ದರು. ಲೋಕದಲ್ಲಿ ಇನ್ನೊಬ್ಬರು ಹಾಗೆ ನಗುವುದಿಲ್ಲ.

ಇಸ್ತ್ರಿಯಕ್ಕ ಎದೆಗೆ ಅಡ್ಡ ಹಿಡಿದಿದ್ದ ಕೈ ಕೆಳಗಿಳಿಸಿದಳು. ಹೆಡ್‌ಸೆಟ್ ತೆಗೆಯಲಿಲ್ಲ. ನರಿಯ ತಲೆಯ ಪಕ್ಕದಿಂದ ನೋಡುತ್ತಾ, ದಿನಾ ಮೆಟ್ಟಿಲ ಮೇಲಿಂದ ಕೂಗುವ ದನಿಯಲ್ಲೇ ಕೂಗಿದಳು:

"ಗುಂಡಾ! ಏ ಗುಂಡಾ! ಮನೆಗೆ ಬಾರೋ. ಊಟ ಬಡಿಸ್ತೀನಿ ಬಾ."

ತಗಡಿನ ಮನುಷ್ಯ ಕಲ್ಲಾದ. ನರಿ ತಿರುಗಿ ನೋಡಿತು. "ಯಾರೋ ಗುಂಡ?" ಎಂದಿತು ಕರಡಿ. ಮರುಗಳಿಗೆ ತಗಡಿನ ಮನುಷ್ಯ ನಿಂತಿದ್ದ ಜಾಗದಲ್ಲಿ ಬರೀ ಬೆಳಕಿತ್ತು.

ಮುಂದಿನ ಕೋಣೆಯಲ್ಲಿ ಮಗಳು ಗೋಡೆಗೆ ಒರಗಿ ನಿಂತಿದ್ದಳು. ತಾಯಿ ಹೆಡ್‌ಸೆಟ್ ತೆಗೆದು ಸೋಫಾದ ಮೇಲಿಟ್ಟಳು.

"ಅಣ್ಣನಾ?" ಎಂದಳು ಮಗಳು.

"ಹೂಂ."

*

ಮಗ ಬಂದದ್ದೇ ಬಾಗಿಲು ಬಡಿದುಕೊಂಡು. "ನಾಲ್ಕು ಜನರ ಮುಂದೆ ನನ್ನ ಮಾನ ಕಳೆದೆಯಲ್ಲಮ್ಮ! ಗುಂಡ ಅಂತೆ! ಇನ್ನು ಅಂಗಡಿಯಲ್ಲಿ ನನ್ನನ್ನ ಹೆಸರು ಹಿಡಿದು ಕರೀತಾರಾ ಯಾರಾದ್ರೂ?"

"ಅವಳು ಅಂತ ನಿನಗೆ ಗೊತ್ತಿತ್ತಾ?"

"ಏನು?"

"ಹಳದಿ ಕೋಟು ನಿನ್ನ ತಂಗಿ ಅಂತ ಗೊತ್ತಿತ್ತಾ? ಅವತ್ತು ಇದೇ ಮೇಜಲ್ಲಿ ಕಾರ್ಟೂನು ಅಂದೆಯಲ್ಲ, ಆಗ?"

ಅವನು ನೆಲ ನೋಡಿದ. "ಆ ನರಿ ವೇಷದವನಿಗೆ ಗೊತ್ತಿರಲಿಲ್ಲ. ಸುಮ್ನೆ ಯಾರೋ ಹುಡುಗಿ ಅಂದ್ಕೊಂಡಿದ್ದ."

"ಅವನ ವಿಷಯ ಕೇಳಲಿಲ್ಲ ನಾನು."

"...ಗೊತ್ತಿತ್ತು."

"ಬಿಡು ಅಂತ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನನ್ನನ್ನ ನೋಡಿ ನಗ್ತಿದ್ರು." ದನಿ ಏರಿಸಿದ. "ನಾನೇನೂ ಮಾಡಿಲ್ಲ. ನಕ್ಕೆ, ಅಷ್ಟೇ!"

"ಅಷ್ಟೇ," ಎಂದಳು ಇಸ್ತ್ರಿಯಕ್ಕ. ಅವನಿಗೆಂದು ಮುಚ್ಚಿಟ್ಟಿದ್ದ ತಟ್ಟೆಯನ್ನು ತೆಗೆದು, ಅನ್ನವನ್ನು ಮತ್ತೆ ಪಾತ್ರೆಗೆ ಸುರಿದು, ತಟ್ಟೆ ತೊಳೆದು ಮಗುಚಿಟ್ಟಳು. "ಅಕ್ಕಿ ಡಬ್ಬಿಯಲ್ಲಿದೆ. ನಿನ್ನ ಅನ್ನ ನೀನು ಬೇಯಿಸ್ಕೋ. ನಿನ್ನ ಬಟ್ಟೆ ನೀನು ಒಗೀ. ನನ್ನ ಕೈಯಿಂದ ನಿನಗೆ ಒಂದು ಲೋಟ ನೀರೂ ಇಲ್ಲ, ಇವಳು ಸಾಕು ಅನ್ನೋವರೆಗೆ."

ಡ್ರೈವರ್ ಬಂದು ವಿಷಯ ಕೇಳಿದಾಗ ಮೊದಲು ಮಗನ ಮೇಲೆ ಕೈ ಎತ್ತಿದ. ಆಮೇಲೆ ಹೆಂಡತಿಯ ಕಡೆ ತಿರುಗಿದ. "ನೀನ್ಯಾಕೆ ಹೋಗ್ಬೇಕಿತ್ತು ಅದರೊಳಗೆ? ಆ ಮನೆಹಾಳು ವಸ್ತು ಬಂದಾಗಿಂದ ಶುರುವಾಯ್ತು ಇದೆಲ್ಲ."

"ಅದು ಬರೋಕೆ ಮುಂಚೆ ನಿಮ್ಮ ಮಗ ಹೀಗೆ ನಗ್ತಿರಲಿಲ್ವಾ? ನಮಗೆ ಕೇಳಿಸ್ತಿರಲಿಲ್ಲ, ಅಷ್ಟೇ ರೀ."

*

ಆ ವಾರ ಮನೆಯಲ್ಲಿ ಎರಡು ಅಡುಗೆಯಾಯಿತು. ಮಗ ಮೊದಲ ದಿನ ಹೊರಗೆ ತಿಂದು ಬಂದ. ಎರಡನೇ ದಿನ ಅನ್ನ ಸೀಯಿಸಿ, ಪಾತ್ರೆ ಉಜ್ಜಲಾರದೆ ನೆನೆಹಾಕಿಟ್ಟ. ಆಮೇಲೊಂದು ದಿನ ಅಜ್ಜಿ ಸೆರಗಿನೊಳಗೆ ಎರಡು ಬೇಯಿಸಿದ ಆಲೂಗಡ್ಡೆ ಅಡಗಿಸಿಕೊಂಡು ಅವನ ಕೋಣೆಯ ಕಡೆ ಹೊರಟಳು. ಇಸ್ತ್ರಿಯಕ್ಕ ಬಾಗಿಲಲ್ಲಿ ಅಡ್ಡ ನಿಂತಳು.

"ಅತ್ತೆ, ಸೆರಗು ಸುಡತ್ತೆ."

"ಗಂಡು ಹುಡುಗ ಕಣೇ, ಹಸ್ಕೊಂಡು ಮಲಗ್ತಾನೆ. ಹುಡುಗಾಟಕ್ಕೆ ಏನೋ ಮಾಡಿದ. ನಮ್ಮ ಕಾಲದಲ್ಲೆಲ್ಲ ಇಂಥವು ಇರಲಿಲ್ವಾ? ಸಂತೆಗೆ ಹೋದ್ರೆ ಕೈ ಹಾಕ್ತಿದ್ರು. ನಾವು ಹೋಗೋದೇ ಬಿಟ್ವಿ."

"ಎಷ್ಟು ವರ್ಷ ಬಿಟ್ರಿ?"

ಅಜ್ಜಿ ಆಲೂಗಡ್ಡೆಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದಳು.

"ನಾನೂ ಬಿಟ್ಟೆ ಅತ್ತೆ. ಮದುವೆಗೆ ಮುಂಚೆ ಒಂದು ಸಲ ಮೈದಾನದಲ್ಲಿ ಹಾಡು ಕೇಳೋಕೆ ಹೋಗಿದ್ದೆ. ಅಳ್ತಾ ಮನೆಗೆ ಬಂದ್ರೆ ನಮ್ಮಪ್ಪ, ಅದಕ್ಕೇ ಹೋಗಬೇಡ ಅಂದಿದ್ದು ಅಂದ್ರು. ಆಮೇಲೆ ನಾನು ಜನರ ನಡುವೆ ನಿಂತು ಒಂದು ಹಾಡು ಕೇಳಿಲ್ಲ. ನೀವು ಸಂತೆ ಬಿಟ್ರಿ, ನಾನು ಮೈದಾನ ಬಿಟ್ಟೆ. ಇವಳಿಗೆ ಬಿಡೋದಕ್ಕೆ ಉಳಿದಿರೋದು ಈ ಚಾಪೆಯಷ್ಟು ಜಾಗ. ಅದನ್ನೂ ಬಿಡಿಸ್ಬೇಕಾ?"

ಅಜ್ಜಿ ವಾಪಸ್ ಹೋಗಿ ಕುರ್ಚಿಯಲ್ಲಿ ಕೂತು, ಎರಡೂ ಆಲೂಗಡ್ಡೆಯನ್ನು ಸಿಪ್ಪೆ ಸುಲಿದು ತಾನೇ ತಿಂದಳು.

ಶುಕ್ರವಾರ ಮಗ ತಂಗಿಯ ಎದುರು ಬಂದು ನಿಂತ. "ಸಾರಿ," ಎಂದ.

ಅವಳು ಅಂಗಡಿಯ ಅಂಗಿಗೆ ಗುಂಡಿ ಹೊಲಿಯುತ್ತಿದ್ದಳು. ತಲೆಯೆತ್ತಲಿಲ್ಲ.

"ಹೇಳಿದ್ನಲ್ಲ, ಸಾರಿ ಅಂತ."

"ನನಗೆ ಯಾಕೆ ಹೇಳ್ತೀಯ? ನನಗೆ ಹೇಳೋದು ಸುಲಭ. ಅಡುಗೆಮನೆಯಲ್ಲಿ ಯಾರೂ ನಗೋರಿಲ್ಲ. ತಪ್ಪು ಅಂತ ಆ ನರಿಗೆ ಹೇಳು. ಅದೇ ಜಾಗದಲ್ಲಿ, ಅವರೆಲ್ಲರ ಮುಂದೆ."

"ಅವನು ಮಾಲೀಕನ ಅಕ್ಕನ ಮಗ ಕಣೇ. ನನ್ನ ಕೆಲಸ ಹೋಗತ್ತೆ."

"ಹಾಗಾದ್ರೆ ಅನ್ನ ಬೇಯಿಸೋದು ಕಲಿ," ಎಂದು ದಾರ ಹಲ್ಲಲ್ಲಿ ಕಚ್ಚಿ ಕಡಿದಳು.

ಅದೇ ದಿನ ಊಟದ ಹೊತ್ತಿಗೆ ಡ್ರೈವರ್ ಲೋಟ ಕುಕ್ಕಿ ಹೇಳಿದ: "ಸಾಕು ಈ ನಾಟಕ. ನಾಳೆ ಆ ವಸ್ತು ಈ ಮನೆಯಲ್ಲಿರಬಾರದು."

"ಇರತ್ತೆ," ಎಂದಳು ಇಸ್ತ್ರಿಯಕ್ಕ.

"ಏನಂದೆ?"

"ನಾಳೆ ಒಂದಲ್ಲ, ಎರಡು ಇರತ್ತೆ. ಉದ್ದಕ್ಕ ಅವಳ ಸೊಸೇದು ಕೊಡ್ತಾಳೆ. ನಾವಿಬ್ರೂ ಹೋಗ್ತಿದೀವಿ. ನೀವು ಬೇಡ ಅನ್ನಬಹುದು, ಅನ್ನಿ. ನಾವು ಹೋಗೋದು ಹೋಗೋದೇ." ಅವಳು ಸೌಟನ್ನು ಗಟ್ಟಿಯಾಗಿ ಹಿಡಿದಿದ್ದಳು. "ಇನ್ನೂ ಅನ್ನ ಬೇಕಾ ನಿಮಗೆ?"

ಅವನು ಸೌಟು ನೋಡಿದ, ಹೆಂಡತಿಯನ್ನು ನೋಡಿದ. ಇಷ್ಟು ವರ್ಷದಲ್ಲಿ ಅವಳು "ಇರತ್ತೆ" ಎಂದು ಹೀಗೆ ಹೇಳಿದ್ದು ಅವನಿಗೆ ನೆನಪಿರಲಿಲ್ಲ. "ಸ್ವಲ್ಪ ಹಾಕು," ಎಂದ.

*

ಎರಡು ಜನ ನಿಲ್ಲಬೇಕಾದ್ದರಿಂದ ಮರುದಿನ ಸೋಫಾವನ್ನು ಎತ್ತಿ ಮಲಗುವ ಕೋಣೆಗೇ ಸಾಗಿಸಬೇಕಾಯಿತು. ಡ್ರೈವರ್ ಗೊಣಗುತ್ತಲೇ ಒಂದು ಕಡೆ ಹಿಡಿದ. ಮಗ ಸಂಜೆಯೇ ಎಲ್ಲಿಗೆಂದು ಹೇಳದೆ ಹೊರಟುಹೋಗಿದ್ದ.

"ಗುಳ್ಳೆ?" ಎಂದಳು ಇಸ್ತ್ರಿಯಕ್ಕ, ಪಟ್ಟಿ ಬಿಗಿಯುವ ಮುಂಚೆ.

"ಬೇಡ," ಎಂದಳು ಮಗಳು.

ಒಳಗೆ ಜನ ಹಿಂದಿನ ವಾರಕ್ಕಿಂತ ಹೆಚ್ಚಿದ್ದರು. ಉದ್ದಕ್ಕನ ಸೊಸೆಯ ವೇಷ ಒಂದು ದೊಡ್ಡ ಹಸಿರು ಆಮೆ. ಇಸ್ತ್ರಿಯಕ್ಕ ಆಮೆಯಾಗಿ ಹಳದಿ ಕೋಟಿನ ಪಕ್ಕ ನಿಂತಳು. ಬಕೆಟ್ಟಿಗೆ ಮಗಳು "ಇವರು ನಮ್ಮಮ್ಮ" ಎಂದಳು. "ನಮಸ್ಕಾರ ತಾಯಿ," ಎಂದಿತು ಬಕೆಟ್.

ಗಾಯಕಿ ನಿಲ್ಲಿಸಿದಳು, ಜನ ಶುರು ಮಾಡಿದರು, ಆಗಲೇ ನರಿ ಬಂತು. ಜೊತೆಗೆ ಕರಡಿ, ಇನ್ನಿಬ್ಬರು. ಸ್ವಲ್ಪ ಹಿಂದೆ ತಗಡಿನ ಮನುಷ್ಯ.

"ಏನು ಹಳದಿ, ಇವತ್ತು ಗುಳ್ಳೆ ಇಲ್ಲ?" ನರಿ ಮುಖಕ್ಕೆ ಮುಖ ತಂದಿತು.

ಇಸ್ತ್ರಿಯಕ್ಕ ಯೋಚಿಸಲಿಲ್ಲ. ಆಮೆಯ ಇಡೀ ಚಿಪ್ಪನ್ನು ಇಬ್ಬರ ನಡುವೆ ತಂದಿಟ್ಟಳು. ನರಿ ನಕ್ಕು ಪಕ್ಕಕ್ಕೆ ಸುತ್ತಿತು. ಆಗ ಹಿಂದಿನಿಂದ ಒಂದು ಕ್ಷೀಣ ದನಿ ಬಂತು:

"ಬಿಡೋ. ಅವಳು ನನ್ನ ತಂಗಿ."

ಕರಡಿ ಮೊದಲು ನಕ್ಕಿತು. "ಗುಂಡನ ತಂಗಿಯಂತೆ!" ನರಿಯೂ ನಕ್ಕಿತು. "ಮೊದಲೇ ಹೇಳಬಾರದಾ ಮಾರಾಯ? ಬಿಟ್ಟೆ ಬಿಡು. ಬೇರೆಯವಳನ್ನ ನೋಡ್ಕೋತೀನಿ."

"ತಂಗಿ ಅಂತ ಬಿಡಬೇಡ!"

ಹಳದಿ ಕೋಟು ಕೂಗಿದ ರಭಸಕ್ಕೆ ಸುತ್ತಲಿನವರು ಹಾಡು ನಿಲ್ಲಿಸಿದರು. "ಅಣ್ಣ, ನೀನು ಅದನ್ನಲ್ಲ ಹೇಳಬೇಕಾದ್ದು. ಇಲ್ಲಿ ನಾನು ಯಾರ ತಂಗಿಯೂ ಅಲ್ಲ, ಯಾರ ಮಗಳೂ ಅಲ್ಲ. ಟಿಕೆಟ್ ತಗೊಂಡು ಹಾಡು ಕೇಳೋಕೆ ಬಂದೋಳು. ಆ ರೆಕ್ಕೆಯವಳೂ ಅಷ್ಟೇ, ಆ ಒಂಟೆಯೂ ಅಷ್ಟೇ. ಈ ನರಿ ನಮ್ಮಲ್ಲಿ ಯಾರ ಮೈಗೆ ಕೈ ಹಾಕಿದ್ರೂ ಕೈ ಹಾಕಿದ್ದೇ. ಕೈ ತೆಗಿ ಅಂತ ಹೇಳು. ಹೇಳೋಕಾಗದಿದ್ರೆ ಹೋಗು."

ತಗಡಿನ ಮನುಷ್ಯ ಬಹಳ ಹೊತ್ತು ಅಲ್ಲಾಡಲಿಲ್ಲ. ನೆಟ್ ಹೋಗಿರಬೇಕು ಅಂದುಕೊಂಡಳು ಇಸ್ತ್ರಿಯಕ್ಕ. ಆಮೇಲೆ ಅವನು ನಾಲ್ಕು ಹೆಜ್ಜೆ ಮುಂದೆ ಬಂದ.

"ಕೈ ತೆಗಿಯೋ," ಎಂದ. ದನಿ ಒಡೆದಿತ್ತು. "ಯಾರ ಮೇಲೂ ಹಾಕಬೇಡ. ಮೊನ್ನೆ ನಾನೂ ನಕ್ಕೆ. ಇವತ್ತು ನಗಲ್ಲ."

"ನಾಳೆ ಅಂಗಡಿಗೆ ಬಾ, ಮಾತಾಡ್ತೀನಿ," ಎಂದಿತು ನರಿ.

"ಬರ್ತೀನಿ."

ಬಕೆಟ್ ಕುಪ್ಪಳಿಸಿ ನರಿಯ ಎದುರಿಗೆ ನಿಂತಿತು. "ಸ್ವಾಮಿ, ಹಿಂದೆ ಸರೀರಿ," ಎಂದಿತು. ರೆಕ್ಕೆಯವಳು ಬಂದಳು. ಗಡಿಯಾರ ತಲೆಯವನು ಬಂದ, ಅವನು ಮೊನ್ನೆ ಸುಮ್ಮನೆ ನಿಂತು ನೋಡಿದ್ದವನು. ನರಿ ಮಾಯವಾಗಲಿಲ್ಲ. ಹಟ ಹಿಡಿದ ಹಾಗೆ ಇನ್ನೂ ಸ್ವಲ್ಪ ಹೊತ್ತು ನಿಂತೇ ಇತ್ತು. ಆದರೆ ಹಳದಿ ಕೋಟು ಅದಕ್ಕೆ ಬೆನ್ನು ಹಾಕಿ ವೇದಿಕೆಯ ಕಡೆ ತಿರುಗಿಯಾಗಿತ್ತು.

"ಅಮ್ಮ," ಎಂದಳು ಮಗಳು.

"ಏನು ಪಾಪು? ಇಲ್ಲೇ ಇದೀನಿ."

"ಗೊತ್ತು. ಸ್ವಲ್ಪ ಪಕ್ಕಕ್ಕೆ ಸರಿ. ನಿನ್ನ ಚಿಪ್ಪು ಅಡ್ಡ ಬಂದು ವೇದಿಕೆ ಕಾಣಿಸ್ತಿಲ್ಲ."

ಇಸ್ತ್ರಿಯಕ್ಕ ಪಕ್ಕಕ್ಕೆ ಸರಿದಳು.

ಹೆಡ್‌ಸೆಟ್ಟಿನ ಆಚೆ, ಬಹಳ ದೂರದಲ್ಲೆಂಬಂತೆ, ಬಾಗಿಲು ಬಡಿದ ಸದ್ದಾಯಿತು. ಕೆಳಗಿನ ಮನೆಯವರ ದನಿ: ಇದೇನ್ರೀ ಗಲಾಟೆ, ಹೆಂಗಸರು ಹೀಗೆ ಕಿರುಚ್ತಾ ಇದಾರೆ, ಏನಾಗಿದೆ ಇವರಿಗೆ? ಆಮೇಲೆ ಗಂಡನ ದನಿ. ಅವನು ಗಂಟಲು ಸರಿಮಾಡಿಕೊಂಡದ್ದೂ ಅವಳಿಗೆ ಕೇಳಿಸಿತು.

"ಕಾನ್ಸರ್ಟಿಗೆ ಹೋಗಿದಾರೆ," ಎಂದ ಡ್ರೈವರ್. "ಮುಗಿದ ಮೇಲೆ ಬರ್ತಾರೆ." ಬಾಗಿಲು ಮುಚ್ಚಿತು.

ವೇದಿಕೆಯಲ್ಲಿ ಗಾಯಕಿ ಡ್ರಮ್ಮಿನ ಕೋಲುಗಳನ್ನು ಮೇಲೆತ್ತಿ ಹಿಡಿದಳು. ಇಡೀ ಹಾಲ್ ಉಸಿರು ಬಿಗಿಹಿಡಿದು ಕಾಯಿತು. ಇಸ್ತ್ರಿಯಕ್ಕನಿಗೆ ಸಾಲು ಗೊತ್ತಿರಲಿಲ್ಲ. ಗೊತ್ತಿರುವವರ ಬಾಯಿ ನೋಡಿಕೊಂಡು, ಅರ್ಧ ಮಾತು ಅರ್ಧ ಬರೀ ಕೂಗು ಮಾಡಿಕೊಂಡು, ಅಷ್ಟೂ ಜನರ ಜೊತೆ ಅವಳು ಗಂಟಲು ಬಿಟ್ಟು ಹಾಡತೊಡಗಿದಳು.